ಸ್ಪೇರ್ ಡ್ಯೂಟಿ

ಬೆಳಿಗ್ಗೆ ಆರೂವರೆಗೆ ಚಾರ್ಟ್ ಸಾಹೇಬರು ಬಸ್ ಡಿಪೋದ ತಮ್ಮ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮೇಜಿನ ಮೇಲೆ ಎರಡು ರಜಾ ಚೀಟಿಗಳು ಕಾದಿದ್ದವು. ಎರಡರಲ್ಲೂ ಹೊಟ್ಟೆನೋವು.

ಹತ್ತೊಂಬತ್ತು ವರ್ಷಗಳಿಂದ ನೂರನಲವತ್ತು ಡ್ರೈವರುಗಳಿಗೆ ಚಾರ್ಟ್ ಬರೆದು ಡ್ಯೂಟಿ ಹಂಚುತ್ತ ಬಂದವರಿಗೆ ಹೊಟ್ಟೆನೋವು ಹೊಸದೇನಲ್ಲ. ದೊಡ್ಡ ಮ್ಯಾಚ್ ಇದ್ದ ದಿನ ಅರ್ಧ ಡಿಪೋದ ಹೊಟ್ಟೆ ಕೆಡುತ್ತಿತ್ತು. ಆದರೆ ಈ ಚೀಟಿಗಳು ಡ್ರೈವರುಗಳದ್ದಲ್ಲ. ಒಂದು ಸಾಹೇಬರ ಅಕ್ಕನದು, ಇನ್ನೊಂದು ತಮ್ಮನದು. ಗೇಟಿನ ಕಾವಲುಗಾರನ ಕೈಗೆ ಕೊಟ್ಟು ಹೋಗಿದ್ದರಂತೆ.

ಅಪ್ಪ ಆಸ್ಪತ್ರೆ ಸೇರಿ ಇಪ್ಪತ್ತೆರಡು ದಿನವಾಗಿತ್ತು. ಹೃದಯ ದಣಿದಿದೆ, ಇನ್ನು ತಿಂಗಳ ಲೆಕ್ಕ ಬೇಡ, ವಾರದ ಲೆಕ್ಕ ಇಟ್ಟುಕೊಳ್ಳಿ ಎಂದಿದ್ದರು ಡಾಕ್ಟರು. ಸೇರಿಸಿದ ದಿನ ಸಾಹೇಬರು ಮೆಟ್ಟಿಲ ಮೂಲೆಯಲ್ಲಿ ನಿಂತು ಗಳಗಳನೆ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ತಮಗೆ ಬರುವ ಒಂದೇ ಕೆಲಸ ಮಾಡಿದರು: ಸ್ಕೇಲಿಟ್ಟು ಗೆರೆ ಎಳೆದು ಚಾರ್ಟ್ ಬರೆದರು. ಬೆಳಿಗ್ಗೆ ಅಕ್ಕ, ಮಧ್ಯಾಹ್ನದ ಮೇಲೆ ತಮ್ಮ, ರಾತ್ರಿಗೆ ಗೊತ್ತುಮಾಡಿದ ಆಯಾ. ಸ್ವಂತ ಹೆಸರಿನ ಮುಂದೆ 'ಸ್ಪೇರ್' ಎಂದು ಬರೆದುಕೊಂಡರು. ಯಾರಾದರೂ ಕೈಕೊಟ್ಟರೆ ಹೋಗಬೇಕಾದವನು ಸ್ಪೇರ್. ಅಕ್ಕ, ತಮ್ಮ ಒಂದು ದಿನವೂ ಕೈಕೊಡಲಿಲ್ಲ. ಸಾಹೇಬರು ಭಾನುವಾರಗಳಂದು ಇಪ್ಪತ್ತು ನಿಮಿಷ ಬಂದು, ನಿಂತೇ ಇದ್ದು, ಚಾರ್ಟ್ ತಿದ್ದಿ ಹೋಗುತ್ತಿದ್ದರು.

"ಸೋಮವಾರದಿಂದ ಹೊಸ ಟೈಂಟೇಬಲ್ ಶುರು. ಅದೊಂದು ಮುಗೀಲಿ, ಆಮೇಲೆ ಅಪ್ಪನ ಹತ್ರಾನೇ ಕೂತ್ಬಿಡ್ತೀನಿ," ಎಂದಿದ್ದರು ಅಕ್ಕನಿಗೆ. ಇವತ್ತೇ ಆ ಸೋಮವಾರ.

ಸಾಹೇಬರು ಅಕ್ಕನಿಗೆ ಫೋನ್ ಮಾಡಿದರು. "ಅಕ್ಕ, ಏನಿದು?"

"ಹೊಟ್ಟೆನೋವು ಕಣೋ."

"ಇಬ್ರಿಗೂ?"

"ಒಂದೇ ಅಡುಗೆ ಉಂಡಿದ್ವಲ್ಲ, ಅದಕ್ಕೆ."

"ನೀವಿಬ್ರೂ ಇರೋದೇ ಬೇರೆ ಬೇರೆ ಮನೇಲಿ!"

"ಅಯ್ಯೋ, ಇದಕ್ಕೇನು ಹೇಳ್ಬೇಕು ಅಂತ ಅಪ್ಪ ಹೇಳ್ಕೊಡ್ಲೇ ಇಲ್ಲ," ಎಂದು ಅಕ್ಕ ಫೋನಿಟ್ಟಳು.

ಅಷ್ಟರಲ್ಲಿ ಒಳಗೆ ಬಂದ ಮ್ಯಾನೇಜರು ಚೀಟಿಗಳನ್ನು ಎತ್ತಿ ಓದಿದರು. "ಸ್ಪೇರ್ ಯಾರ್ರೀ?"

"ನಾನೇ ಸಾರ್."

"ಮತ್ತೆ ಇಲ್ಲೇನ್ ಮಾಡ್ತಿದೀರಿ?"

ಆಸ್ಪತ್ರೆಯಲ್ಲಿ ಅಪ್ಪನನ್ನು ಕಿಟಕಿಯ ಪಕ್ಕ ದಿಂಬಿಗೊರಗಿಸಿ ಕೂರಿಸಿದ್ದರು. ತಲೆ ಬಾಚಿಸಿಕೊಂಡು, ಕೈಗಡಿಯಾರ ಕಟ್ಟಿಸಿಕೊಂಡು ಕಾಯುತ್ತಿದ್ದರು.

"ಹದಿನೇಳು ನಿಮಿಷ ಲೇಟು. ಮೆಮೋ ಕೊಡ್ಲಾ?"

"ಸುಳ್ಳು ಚೀಟಿ ಬರೆಸೋದು ತಪ್ಪು ಅಪ್ಪ."

"ನಿನ್ ಸ್ಪೇರು ಏನು, ಭಾರಿ ಸಾಚಾನಾ? ಮೂವತ್ತೊಂದು ವರ್ಷ ಬಸ್ ಓಡ್ಸಿದೋನು ನಾನು. ಡ್ಯೂಟಿ ತಪ್ಪಿಸ್ಕೊಳ್ಳೋರೇ ಸ್ಪೇರ್ ಕೇಳಿ ಹಾಕಿಸ್ಕೊಳ್ಳೋದು ಅಂತ ನಂಗೊತ್ತಿಲ್ವಾ?" ಅಪ್ಪ ಉಸಿರಿಗಾಗಿ ನಿಲ್ಲಿಸಿ ಮತ್ತೆ ಹೇಳಿದರು, "ನೀನು ಹುಟ್ಟಿದ ದಿನ ಆಸ್ಪತ್ರೆಗೆ ಬರೋಕೆ ಹೆದ್ರಿ ನಾನೂ ಡಬಲ್ ಡ್ಯೂಟಿ ಹೊಡೆದೆ. ನಿಮ್ಮಮ್ಮ ಸಾಯೋವರೆಗೂ ಅದನ್ನ ಮರೀಲಿಲ್ಲ."

ಸಾಹೇಬರು ಆಫೀಸಿನ ಚೀಲವನ್ನು ಎದೆಗೊತ್ತಿಕೊಂಡು ನಿಂತೇ ಇದ್ದರು. "ಭಯ ಆಗತ್ತೆ ಅಪ್ಪ," ಎಂದರು ಕೊನೆಗೆ.

"ಆಗ್ಲಿ. ಕೂತ್ಕೊಂಡು ಹೆದರ್ಕೋ."

ಇಪ್ಪತ್ತೆರಡು ದಿನಗಳಲ್ಲಿ ಮೊದಲ ಸಲ ಸಾಹೇಬರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು.

ಕಿಟಕಿಯ ಕೆಳಗೇ ಬಸ್ ಸ್ಟಾಪು. ಅಪ್ಪ ಗಡಿಯಾರ ನೋಡುತ್ತ ಹೊಸ ಟೈಂಟೇಬಲ್ಲಿನ ಪರೀಕ್ಷೆ ನಡೆಸಿದರು. "ಏಳನೇ ನಂಬರು ನಾಲ್ಕು ನಿಮಿಷ ಮುಂಚೆ. ಡ್ರೈವರ್ಗೆ ಮನೇಲೇನೋ ಕೆಲಸ ಇದೆ." ಸಾಹೇಬರ ಕಿವಿಯೆಲ್ಲ ಜೇಬಿನ ಫೋನಿನ ಮೇಲೆ. ಅದು ಸೊಲ್ಲೆತ್ತಲಿಲ್ಲ. ತಡೆಯಲಾರದೆ ಹತ್ತು ಗಂಟೆಗೆ ತಾವೇ ಡಿಪೋಗೆ ಫೋನ್ ಮಾಡಿ, ಎಲ್ಲ ಸರಿಯಾಗಿದೆಯಾ ಎಂದು ಕೇಳಿದರು.

"ಎಲ್ಲಾ ಸರಿಯಾಗಿದೆ ಸಾರ್. ತಾವು ಯಾರು ಮಾತಾಡೋದು?"

ಸ್ಪೀಕರಿನಲ್ಲಿ ಅದನ್ನು ಕೇಳಿದ ಅಪ್ಪ ನಕ್ಕ ರಭಸಕ್ಕೆ ಕೆಮ್ಮು ಬಂದು ನರ್ಸ್ ಓಡಿಬಂದಳು. ಅವಳು ಗದರಿದ್ದು ಸಾಹೇಬರನ್ನು.

ಎರಡು ಗಂಟೆಗೆ ತಮ್ಮ ಬಂದ. "ಹೊಟ್ಟೆನೋವು ವಾಸಿ ಆಯ್ತಣ್ಣ. ನೀನಿನ್ನು ಹೊರಡು, ಡಿಪೋ ಕಾಯ್ತಿರತ್ತೆ."

"ಏನೂ ಕಾಯ್ತಿಲ್ಲ," ಎಂದರು ಸಾಹೇಬರು. ಗೋಡೆಗೆ ಅಂಟಿಸಿದ್ದ ಚಾರ್ಟಿನಲ್ಲಿ ಸ್ವಂತ ಹೆಸರಿನ ಮುಂದಿದ್ದ 'ಸ್ಪೇರ್' ಮೇಲೆ ಗೆರೆ ಎಳೆದು ಬಂದು ಮತ್ತೆ ಸ್ಟೂಲಿನ ಮೇಲೆಯೇ ಕೂತರು.

ಅಪ್ಪನಿಗೆ ನಿದ್ದೆ ಹತ್ತಿತ್ತು. ಹೊದಿಕೆಯಡಿ ಬಲಗಾಲು ಮಾತ್ರ ಆಗಾಗ ಮುಂದಕ್ಕೆ ಒತ್ತುತ್ತಿತ್ತು. ಅದು ಬ್ರೇಕು ಎಂದು ತಿಳಿಯಲು ಸಾಹೇಬರಿಗೆ ಒಂದು ಕ್ಷಣ ಬೇಕಾಯಿತು. ಒತ್ತಿದ ಕಡೆ ಏನೂ ಸಿಗದೆ ಕಾಲು ತಡಕಾಡುತ್ತಿತ್ತು. ಅವರು ಸ್ಟೂಲನ್ನು ಮಂಚದ ಕಾಲ ತುದಿಗೆ ಎಳೆದುಕೊಂಡು, ಹೊದಿಕೆಯೊಳಗೆ ಕೈ ತೂರಿಸಿ, ಪಾದಕ್ಕೆ ಅಂಗೈ ಆನಿಸಿ ಹಿಡಿದರು. ಪಾದ ಒತ್ತಿತು, ನಿಧಾನವಾಗಿ ಬಿಟ್ಟಿತು. ಮುಂದಿನ ಸ್ಟಾಪಿಗಾಗಿ ಅವರು ಕೈ ಹಿಡಿದೇ ಕೂತರು.