ಸೋಮವಾರ ಸಂಜೆಯ ಡಿಪಾಜಿಟ್

ಕೊನೆಯ ಮೊಳೆಯ ತೂತಿಗೂ ಸುಣ್ಣ ಮೆತ್ತಿ, ಹೆಬ್ಬೆರಳಿನಿಂದ ಸವರಿ, ಎರಡು ಹೆಜ್ಜೆ ಹಿಂದೆ ಸರಿದು ಫರ್ಜಾನಾ ನೋಡಿದಳು. ಹಳೆಯ ಗೋಡೆ ಹಳದಿಗೆ ತಿರುಗಿತ್ತು, ಮೆತ್ತಿದ ಕಡೆಯೆಲ್ಲ ಬೆಳ್ಳಗೆ. ತೂತು ಮುಚ್ಚಲು ಹೋಗಿ ಒಂದೊಂದಕ್ಕೂ ಬೊಟ್ಟಿಟ್ಟು ತೋರಿಸಿದ ಹಾಗಾಗಿತ್ತು.

ಸವಣೂರಿನ ಬಜಾರದ ಈ ಬಾಡಿಗೆ ಕೋಣೆಯಲ್ಲಿ ಅವಳು ಆರು ವರ್ಷ ಹೊಲಿಗೆ ಮಷೀನು ತುಳಿದಿದ್ದಳು. ಹೊಲಿದ ಜಂಪರು ತೂಗುಹಾಕಲು ಗೋಡೆ ತುಂಬ ಮೊಳೆ ಬಡಿದಿದ್ದಳು. ಈಗ ತವರೂರು ಬಂಕಾಪುರದಲ್ಲಿ, ರಸ್ತೆಗೆ ಮುಖ ಮಾಡಿದ ಅಂಗಡಿಯೊಂದು ಸಿಕ್ಕಿತ್ತು. ಅದರ ಮಾಲೀಕ ಕರೀಮಸಾಬ ಕಡ್ಡಿ ಮುರಿದಂತೆ ಹೇಳಿದ್ದ: ಇವತ್ತು ರಾತ್ರಿಯೊಳಗೆ ಡಿಪಾಜಿಟ್ ಕೈಗೆ ಬಂದರೆ ಅಂಗಡಿ ಅವಳದು, ಇಲ್ಲದಿದ್ದರೆ ಮೊಬೈಲ್ ರಿಪೇರಿಯವನದು. ಅವಳ ಪಾಲಿಗೆ ಇದ್ದ ರೊಕ್ಕವೆಂದರೆ ಈ ಕೋಣೆಗೆ ಕೊಟ್ಟ ಡಿಪಾಜಿಟ್ಟೊಂದೇ. ಅದು ಮನೆಯೊಡತಿ ಶಿವಬಸವ್ವನ ಬಳಿ ಇತ್ತು.

ಬೆಳಿಗ್ಗೆ ಕೇಳಲು ಹೋದಾಗ ಶಿವಬಸವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಿರಲಿಲ್ಲ. "ಗ್ವಾಡಿ ನಾ ಹೆಂಗ ಕೊಟ್ಟಿದ್ನೋ ಹಂಗ ಇರಬೇಕ ನೋಡು. ಸಂಜಿಕಿ ಕೀಲಿಕೈ ತಗೊಂಡ ಬಾ," ಎಂದಿದ್ದಳಷ್ಟೆ.

ಪಕ್ಕದ ಬಳೆ ಅಂಗಡಿಯ ಮಾದೇವಿ ಬಾಗಿಲಲ್ಲಿ ಇಣುಕಿದಳು. "ಇನ್ನೂ ಇಲ್ಲೇ ಅದಿಯಲ್ಲ? ಹೊತ್ತ ಮುಳಗಾಕತ್ತೈತಿ. ಶಿವಬಸವ್ವಾರು ದೀಪಾ ಹಚ್ಚಿದ ಮ್ಯಾಲ ಹೆಪ್ಪಿಗೆ ಒಂದ ಚಮಚಾ ಮೊಸರ ಸೈತ ಹೊರಗ ಕೊಡಂಗಿಲ್ಲ, ಇನ್ನ ರೊಕ್ಕ ಕೊಡ್ತಾರ? ನಾಳೆ ಮಂಗಳವಾರ, ನಾಳೇನೂ ಇಲ್ಲ."

ಫರ್ಜಾನಾಳಿಗೆ ಗೊತ್ತಿಲ್ಲದ ಮಾತೇನಲ್ಲ. ಗೋಡೆಯ ಗುಂಗಿನಲ್ಲಿ ಹೊತ್ತಿನ ಕಡೆ ಲಕ್ಷ್ಯ ಹೋಗಿರಲಿಲ್ಲ. ಸುಣ್ಣದ ಕೈಯಲ್ಲೇ ಖಾಲಿ ಕೋಣೆಗೆ ಕೀಲಿ ಹಾಕಿ ಓಡಿದಳು.

ಓಣಿಗೆ ತಿರುಗುವಷ್ಟರಲ್ಲಿ ಸಂಜೆಯ ಮಗ್ರಿಬಿನ ಅಜಾನ್ ಮುಗಿದಿತ್ತು. ಮನೆಮನೆಯ ಬಾಗಿಲ ಗೂಡಿನಲ್ಲಿ ದೀಪ ಹೊತ್ತಿದ್ದವು. ಒಂದೊಂದು ದೀಪ ಕಂಡಾಗಲೂ ಅವಳು ಓಟ ಜೋರು ಮಾಡಿದಳು. ಶಿವಬಸವ್ವನ ಮನೆ ಮಾತ್ರ ಕತ್ತಲು. ದೀಪ ಹಾಗಿರಲಿ, ಕರೆಂಟಿನ ಬಲ್ಬೂ ಇಲ್ಲ. ಮುದುಕಿ ತಿಳವಳ್ಳಿಯ ಮಗಳ ಮನೆಗೆ ಹೋಗಿಬಿಟ್ಟಿದ್ದಾಳೆ, ರೊಕ್ಕ ಕೊಡುವುದನ್ನು ತಪ್ಪಿಸಲಿಕ್ಕೇ ಹೋಗಿದ್ದಾಳೆ ಎಂದುಕೊಂಡ ಫರ್ಜಾನಾಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಆದರೂ ತಟ್ಟೋಣವೆಂದು ಕೈಯಿಟ್ಟರೆ ಬಾಗಿಲು ತೆರೆದೇ ಇತ್ತು.

"ಎಷ್ಟೊತ್ತ ಮಾಡಿದಿ ಹುಡುಗಿ?" ಒಳಗಿಂದ ಶಿವಬಸವ್ವನ ದನಿ ಬಂತು. "ಓಣ್ಯಾಗ ನಮ್ಮನಿ ಒಂದ ಕತ್ತಲ. ಮಂದಿ ಏನ ತಿಳ್ಕೊಂಡಾರು?"

ಫರ್ಜಾನಾ ಮೊಬೈಲಿನ ಟಾರ್ಚು ಹಾಕಿದಳು.

"ಆರಸು, ಆರಸು. ಅದೂ ಬೆಳಕ ಅಲ್ಲೇನ? ದೀಪಾ ಹಚ್ಚಿದ್ರ ನಿನ್ನ ರೊಕ್ಕ ಬುಧವಾರದ ತನಕ ಇಲ್ಲೇ ಉಳೀತೈತಿ ಅಂತ ನಾ ಹಿಂಗ ಕುಂತೇನಿ."

ಟಾರ್ಚು ಆರಿತು. ಈಗಷ್ಟೇ ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಫರ್ಜಾನಾಳಿಗೆ ನಾಚಿಕೆಯಾಯಿತು. ಕತ್ತಲಲ್ಲೇ ಮುದಿ ಕೈಯೊಂದು ಅವಳ ಕೈ ಹುಡುಕಿ, ಅಂಗೈಯಲ್ಲಿ ಬಟ್ಟೆಯ ಗಂಟೊಂದನ್ನಿಟ್ಟು ಬೆರಳು ಮಡಿಸಿತು.

"ಪೂರ್ತಿ ಅದಾವ. ಮಧ್ಯಾಹ್ನನ ಎಣಿಸಿ ಇಟ್ಟೇನಿ."

"ಅಮ್ಮಾರ, ಗ್ವಾಡಿ ನೋಡಾಕ ಬರೂದಿಲ್ಲೇನ್ರಿ? ಮೊಳಿ ಬಡದಲ್ಲೆಲ್ಲ ಸುಣ್ಣಾ ಹಚ್ಚೇನ್ರಿ. ಆದ್ರ ಎದ್ದ ಕಾಣತಾವ್ರಿ."

"ಈ ಕತ್ತಲಾಗ ನನಗೇನ ಕಾಣತೈತಿ? ಕೀಲಿಕೈ ಕೊಡು. ಬಂಕಾಪುರದ ಬಸ್ಸ ತಪ್ಪತೈತಿ, ನಡಿ."

ಕೀಲಿಕೈ ಕೊಟ್ಟು ಹೊಸ್ತಿಲು ದಾಟಿದ ಫರ್ಜಾನಾ ಕಾಲಿನಿಂದಲೇ ಚಪ್ಪಲಿ ತಡಕಿದಳು. ಒಂದು ಸಿಕ್ಕಿತು, ಓಡಿ ಬಂದ ಅವಸರದಲ್ಲಿ ಇನ್ನೊಂದು ಎಲ್ಲಿ ಹಾರಿತ್ತೋ ಸಿಗಲಿಲ್ಲ. ಅವಳ ಹಿಂದೆಯೇ ಬಂದ ಶಿವಬಸವ್ವ ಸೊಂಟ ಹಿಡಿದುಕೊಂಡು ಬಗ್ಗಿ, ಕಟ್ಟೆಯ ಕೆಳಗೆಲ್ಲ ಕೈಯಾಡಿಸಿ ಅದನ್ನು ಹುಡುಕಿದಳು. ಆಮೇಲೆ ಅದರ ತುದಿಯನ್ನು ಓಣಿಯ ಕಡೆಗೆ ತಿರುಗಿಸಿ ಅವಳ ಕಾಲ ಮುಂದಿಟ್ಟಳು.