ಮೊದಲು ನೀರು

“ಕಾಕಾ, ಇನ್ನೊಮ್ಮೆ ನೋಡ್ರಿ. ಎಲ್ಲಾ ಸರಿ ಅದ?” ತರಗತಿ ನಡೆಸುವ ರಂಜನಾ ಕೇಳಿದಳು.

ಶಿವರುದ್ರಪ್ಪ ಚಹಾ ಮಾಡುವ ಆರು ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಬಲಗೈ ನಡುಗುತ್ತಿದ್ದುದರಿಂದ ಎಡಗೈಯಲ್ಲೇ ಇಟ್ಟಿದ್ದರು. ಪಾರ್ಕಿನ್‌ಸನ್ ಕಾಯಿಲೆಯವರ ಬುದ್ಧಿ ಮಂಕಾಗದಂತೆ ಅಭ್ಯಾಸ ಮಾಡಿಸುವ ಈ ತರಗತಿ ಪುಣೆಯಲ್ಲಿ ಪ್ರತಿ ಭಾನುವಾರ ನಡೆಯುತ್ತಿತ್ತು. ಹೆಂಡತಿ ಚನ್ನಬಸವ್ವ ಅವರನ್ನು ಕೊಂಢವಾ ಬಡಾವಣೆಯ ಮನೆಯಿಂದ ಕರೆತಂದದ್ದು ಇದು ನಾಲ್ಕನೆಯ ಸಲ.

“ಸರಿ ಅದ.”

ಒಲೆ ಹೊತ್ತಿಸುವ ಚಿತ್ರ ಮೊದಲಿತ್ತು. ಬರಿ ಪಾತ್ರೆ ಇಡುವುದು ಎರಡನೆಯದು. ನೀರು ಹಾಕುವ ಚಿತ್ರ ಕಟ್ಟಕಡೆಗೆ, ಚಹಾ ಸೋಸಿದ ಮೇಲೆ. ರಂಜನಾ ಒಂದೊಂದನ್ನೇ ಬೆರಳಿಟ್ಟು ತೋರಿಸಿದಳು. ಅವರು ಪ್ರತಿಯೊಂದಕ್ಕೂ ಸಮಾಧಾನದಿಂದ ತಲೆಯಾಡಿಸಿದರು.

“ಇನ್ನೂ ಕೆಲಸಕ್ಕ ಹೋಗ್ತಾರೇನ್ರಿ?” ರಂಜನಾ ಚನ್ನಬಸವ್ವನ ಕಡೆ ತಿರುಗಿದಳು.

“ಕುರಕುಂಭದಾಗ ಕೆಮಿಕಲ್ ಫ್ಯಾಕ್ಟರಿರಿ. ಕೈಗೇನೂ ಕೆಲಸ ಇಲ್ಲ. ಹೊಸಬರಿಗೆ ಬಾಯಿಲೆ ಹೇಳಿಕೊಡೋದಷ್ಟ.”

ರಂಜನಾ ಚಿತ್ರಗಳನ್ನು ಒಟ್ಟುಮಾಡಿದಳು. “ನಾಳೆ ರಜಾ ಹಾಕಿಸ್ರಿ. ಡಾಕ್ಟರಿಗೆ ತೋರಿಸೂಣು.”

ವಾಪಸು ಬರುವಾಗ ಬಸ್ಸಿನಲ್ಲಿ ಚನ್ನಬಸವ್ವ ಸುಮ್ಮನೆ ಕೇಳುವವಳಂತೆ ಕೇಳಿದಳು. “ರೀ, ಫ್ಯಾಕ್ಟರ್‍ಯಾಗ ಆ ದೊಡ್ಡ ಟಾಕಿ ಹೆಂಗ ಚಾಲೂ ಮಾಡ್ತೀರಿ?”

ಆಸಿಡ್ ಕಲಸುವ ಆ ತೊಟ್ಟಿಯ ಕ್ರಮವನ್ನು ಇಪ್ಪತ್ತೆರಡು ವರ್ಷ ಅವರು ಊಟದ ಹೊತ್ತಿನಲ್ಲಿ ಮಗಳು ಸ್ನೇಹಲ್‌ಗೆ ಬೆರಳು ಮಡಚಿ ಹೇಳುತ್ತ ಬಂದಿದ್ದರು. ಮೊದಲು ತಣ್ಣೀರು, ಆಮೇಲೆ ಕಲಸುವ ಮಷೀನು, ಕೊನೆಗೆ ಆಸಿಡ್. ಹಿಂದುಮುಂದಾದರೆ ಟಾಕಿ ಸಿಡಿಯುತ್ತದೆ.

“ಆಸಿಡ್ ಬಿಡೋದು, ಮಷೀನ್ ಹಾಕೋದು, ನೀರು ಬಿಡೋದು,” ಎಂದರು.

“ಮೊದಲ ನೀರು ಅಂತಿದ್ರಿ.”

“ಮತ್ತೇನು, ಹಂಗ ಅಂದೆನಲ್ಲ.”

ಸೋಮವಾರ ಅವರು ರಜೆ ಹಾಕಲಿಲ್ಲ. “ಆಟದ ಚಿತ್ರ ನೋಡಿ ನನ್ನನ್ನ ಹುಚ್ಚರ ಲೆಕ್ಕಕ್ಕ ಹಿಡೀಬ್ಯಾಡ,” ಎಂದು ಕಂಪನಿ ಬಸ್ಸು ಹತ್ತಿದರು. ಫ್ಯಾಕ್ಟರಿಗೆ ಫೋನು ಮಾಡಿ ಹೇಳಿದರೆ ಅವರು ಮತ್ತೆಂದೂ ಆ ಬಸ್ಸು ಹತ್ತುವುದಿಲ್ಲ ಎಂಬುದು ಚನ್ನಬಸವ್ವನಿಗೆ ತಿಳಿದಿತ್ತು. ಕುದಿಯುವ ಬೇಳೆಯ ಮುಂದೆ ಬಹಳ ಹೊತ್ತು ನಿಂತಳು. ಹತ್ತು ಗಂಟೆಗೆ ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ಹೋದಳು.

ಫೋನೆತ್ತಿದ ಶಿಫ್ಟ್ ಅಧಿಕಾರಿ ಭುಜಂಗ ಇಂಡಿ ಊರಿನ ಕಡೆಯ ಕನ್ನಡದವನು. ಎರಡು ಸಲ ಮನೆಗೆ ಬಂದು ಉಂಡಿದ್ದ. ಅವಳು ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದಳು.

“ಅವರು ಹೇಳಿದ ಹಂಗ ಮಾಡಬ್ಯಾಡ್ರಿ ಅಂತ ಹುಡುಗರಿಗೆ ಹೇಳ್ರಿ, ತಮ್ಮಾ.”

“ಈಗಷ್ಟ ಮೂರು ಮಂದೀನ ಕರಕೊಂಡು ಟಾಕಿ ಕಡೆ ಹೋದ್ರಲ್ಲ, ಅಕ್ಕಾ...”

ರಿಸೀವರ್ ಮೇಜಿಗೆ ಬಡಿದ ಸದ್ದಾಯಿತು. ಕುರ್ಚಿ ಸರಿಯಿತು, ಬೂಟುಗಾಲು ಓಡಿತು, ಎಲ್ಲೋ ಒಂದು ಬಾಗಿಲು ಬಡಿಯಿತು. ಆಮೇಲೆ ದೂರದ ಯಂತ್ರಗಳ ಗುಂಯ್‌ಗುಡುವಿಕೆ ಮಾತ್ರ.

ಬೂತಿನ ಹೊರಗೆ ಕಾಯುತ್ತಿದ್ದವನೊಬ್ಬ ಗಾಜನ್ನು ಉಗುರಿನಿಂದ ತಟ್ಟಿದ. ಚನ್ನಬಸವ್ವ ಅವನಿಗೆ ಬೆನ್ನು ತಿರುಗಿಸಿ, ರಿಸೀವರನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ನಿಂತಳು.