ನಲವತ್ತನೆಯ ರೆಕಾರ್ಡು

ಕೋರ್ಟಿನ ಅಮೀನ ಲೊರೆಂಟ್ಸನ್ ರೆಕಾರ್ಡುಗಳನ್ನು ಮೂರನೆಯ ಸಲ ಎಣಿಸಿದ. ಮೂವತ್ತೊಂಬತ್ತೇ. ಕೋರ್ಟಿನ ಕಾಗದದಲ್ಲಿ ನಲವತ್ತು ಎಂದಿತ್ತು; ಡೆನ್ಮಾರ್ಕಿನಿಂದ ಬಂದ ಪಾರ್ಸೆಲ್ಲಿನ ಚೀಟಿಯಲ್ಲೂ ಅಷ್ಟೇ ಇತ್ತು.

"ಇನ್ನೊಂದೆಲ್ಲಿ ಆಸ್ಮುಸ್?"

ಆಸ್ಮುಸ್ ಕಾಫಿ ಸೋಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಫ್ಲೆನ್ಸ್‌ಬುರ್ಗಿನ ಬಂದರು ಬೀದಿಯಲ್ಲಿ ಅವನು ರೆಕಾರ್ಡು ಅಂಗಡಿ ಇಟ್ಟು ಮೂವತ್ತು ವರ್ಷವಾಗಿತ್ತು. ಇಷ್ಟು ದಿನ ಲೊರೆಂಟ್ಸನ್ ಬರುತ್ತಿದ್ದದ್ದು ಶನಿವಾರದ ಗಿರಾಕಿಯಾಗಿ, ಅಕಾರ್ಡಿಯನ್ ರೆಕಾರ್ಡು ಹುಡುಕಿಕೊಂಡು. ಇವತ್ತು ಮಂಗಳವಾರ, ಕಂಕುಳಲ್ಲಿ ಜಪ್ತಿಯ ಆದೇಶ. ಮುಖ ಎಲ್ಲಿಡಬೇಕೋ ತಿಳಿಯದೆ ಇಬ್ಬರೂ 'ಮೊಯಿನ್, ಮೊಯಿನ್' ಎಂದು ಊರಿನ ನಮಸ್ಕಾರವನ್ನೇ ಎರಡೆರಡು ಸಲ ಹೇಳಿಕೊಂಡಿದ್ದರು.

"ಅಲ್ಲ, ಡೆನ್ಮಾರ್ಕಿನ ಗಡಿ ಇಲ್ಲೇ ಮೂಗಿನ ತುದಿಲಿದೆ," ಎಂದ ಆಸ್ಮುಸ್. "ಆ ಕಡೆ ಈ ಹಾಡನ್ನ ಯಾರು ಬೇಕಾದ್ರೂ ಅಚ್ಚು ಹಾಕ್ಬಹುದು, ಮಾರ್ಬಹುದು. ಈ ಕಡೆ ತಂದ ತಕ್ಷಣ ಕಳ್ಳಮಾಲು ಆಗ್ಬಿಡುತ್ತಾ?"

"ಅಲ್ಲಿ ಇಪ್ಪತ್ತೈದು ವರ್ಷಕ್ಕೆ ರೆಕಾರ್ಡಿನ ಹಕ್ಕು ಮುಗೀತು. ಇಲ್ಲಿ ಮುಗ್ದಿಲ್ಲ. ಇನ್ನೂ ಹಾಂಬುರ್ಗಿನ ಕಂಪನೀದೇ."

"ಒಂದೇ ಮಾರುಕಟ್ಟೆ, ಸರಕಿಗೆ ತಡೆಯಿಲ್ಲ ಅಂತ ರೇಡಿಯೋದಲ್ಲಿ ದಿನಾ ಬಡ್ಕೋತಾರೆ. ನಿಮ್ಮನೆಯವರು ವಾರವಾರ ಹಡಗು ಹತ್ತಿ ಸುಂಕ ಇಲ್ಲದ ಬೆಣ್ಣೆ ಹೊತ್ಕೊಂಡು ಬರಲ್ವಾ? ಬೆಣ್ಣೆಗಿಲ್ಲದ ಗಡಿ ಹಾಡಿಗ್ಯಾಕೆ?"

"ಬೆಣ್ಣೆ ಹಾಡಲ್ವಲ್ಲ ಮಾರಾಯ್ರೆ," ಎಂದುಬಿಟ್ಟ ಲೊರೆಂಟ್ಸನ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆ ಹಾಡಿನಲ್ಲಿದ್ದದ್ದು ಯಾರ ದನಿ ಎಂದು ಬಂದರು ಬೀದಿಗೆಲ್ಲ ಗೊತ್ತಿತ್ತು.

ಆಸ್ಮುಸ್‌ನ ಹೆಂಡತಿ ವೀಬ್ಕೆ ಅದನ್ನು ಹಾಡಿದ್ದು ಐವತ್ತೇಳರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ. ಮುಖ್ಯ ದನಿ ಬೇರೆಯವಳದು. ಇವಳದು ಹಿಂದಿನಿಂದ ಬರುವ ಎರಡನೆಯ ದನಿ. ಹೆಸರು ಕೂಡ ಹಾಕಿರಲಿಲ್ಲ, 'ಮತ್ತು ಸಂಗಡಿಗರು' ಎಂದಷ್ಟೇ ಇತ್ತು. ಕೊನೆಯ ಚರಣಕ್ಕೆ ಮುಂಚೆ ವಾದ್ಯಗಳೆಲ್ಲ ನಿಂತು, ಅವಳು ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. "ನನ್ನ ಹೆಂಡತಿ ಉಸಿರಾಡಿದ್ದಕ್ಕೂ ಕಂಪನಿ ಕಾಸು ಕೊಟ್ಟಿದೆ" ಎಂದು ಆಸ್ಮುಸ್ ಬಂದವರ ಮುಂದೆಲ್ಲ ಅವಳನ್ನು ರೇಗಿಸುತ್ತಿದ್ದ. ಅವಳು ತೀರಿಕೊಂಡು ಆರು ವರ್ಷ. ಅವಳು ಹೋಗಿ ಎರಡು ತಿಂಗಳು ಕಳೆದಿರಲಿಲ್ಲ, ಮನೆಯಲ್ಲಿದ್ದ ಒಂದೇ ಒಂದು ಅರಗಿನ ರೆಕಾರ್ಡು ಧೂಳು ಒರೆಸುವಾಗ ಅವನ ಕೈಯಿಂದಲೇ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಕಂಪನಿಗೆ ಎರಡು ಸಲ ಬರೆದ. ಮತ್ತೆ ಅಚ್ಚು ಹಾಕುವ ಯೋಚನೆಯಿಲ್ಲ ಎಂದು ಎರಡು ಸಲವೂ ಒಂದೇ ಉತ್ತರ ಬಂತು. ರೆಕಾರ್ಡು ಮಾರುವವನ ಮನೆಯಲ್ಲಿ ಅಂದಿನಿಂದ ಆ ಹಾಡೇ ಇರಲಿಲ್ಲ.

ಕಳೆದ ತಿಂಗಳು ಗಡಿಯಾಚೆಯ ಕ್ರೆಸ್ಟನ್ ಎಂಬವನು ಅದನ್ನು ಹೊಸದಾಗಿ ಅಚ್ಚು ಹಾಕಿದಾಗ ಆಸ್ಮುಸ್ ನಲವತ್ತು ತರಿಸಿದ. ಅಂಗಡಿಗೆ ಮೂವತ್ತೊಂಬತ್ತು, ತನಗೊಂದು. ಮನೆಗೆ ಬೇಕಾದದ್ದನ್ನೂ ಅಂಗಡಿಯ ಲೆಕ್ಕದಲ್ಲೇ ತರಿಸುವುದು ಅಂಗಡಿಯವರ ಹುಟ್ಟುಗುಣ. ಬಸ್ಸು ಹತ್ತಿ ಹೋಗಿ, ಮೀನಿನ ಪೊಟ್ಟಣದ ಪಕ್ಕ ಒಂದನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಲೊರೆಂಟ್ಸನ್ ದನಿ ತಗ್ಗಿಸಿದ. "ಮೇಲೆ ಮನೇಲಿದೆಯಾ?"

"ಅದು ಮಾರೋದಕ್ಕಲ್ಲ."

"ನಂಗೊತ್ತಿಲ್ವಾ? ಆದ್ರೆ ಮಾರೋ ಮಾಲಿನ ಜೊತೆ ಬರೆಸಿಬಿಟ್ಟಿದ್ದೀರಿ. ನಲವತ್ತೂ ಬೇಕು ಅಂತ ಕಂಪನಿ ವಕೀಲ ಕೂತಿದ್ದಾನೆ."

"ಮಾರಿದೆ ಅಂತ ಬರ್ಕೊಳ್ಳಿ."

"ಯಾರಿಗೆ ಅಂತ ಕೇಳ್ತಾನೆ. ಕೊಂಡವ್ರ ಮನೇಗೂ ನಾನೇ ಹೋಗ್ಬೇಕು." ಅವನು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದ. "ಒಡೆದುಹೋಗಿದ್ರೆ ಬೇರೆ ಮಾತು. ಒಡೆದದ್ದು ಅಂತ ಬರ್ಕೋಬಹುದು. ಚೂರು ತೋರಿಸ್ಬೇಕಾಗುತ್ತೆ, ಅಷ್ಟೇ."

ಆಸ್ಮುಸ್ ಮೆಟ್ಟಿಲು ಹತ್ತಿ ಹೋದ. ಹೊಸ ರೆಕಾರ್ಡು ಯಂತ್ರದ ಮೇಲೇ ಇತ್ತು. ಎತ್ತಿ ಎರಡೂ ಕೈಯಲ್ಲಿ ಹಿಡಿದ. ತೆಳ್ಳನೆಯ ಪ್ಲಾಸ್ಟಿಕ್ಕು, ಬಗ್ಗಿಸಿದರೆ ಬಗ್ಗುತ್ತದೆ, ಒಡೆಯಬೇಕೆಂದರೂ ಒಡೆಯುವಂಥದ್ದಲ್ಲ. ಅದನ್ನು ಅಲ್ಲೇ ಇಟ್ಟು ಬೀರು ತೆಗೆದ. ವೀಬ್ಕೆಯ ಹೊಲಿಗೆಯ ಪೆಟ್ಟಿಗೆಯ ಕೆಳಗೆ ಹಳೆಯ ಕಾಗದದ ಚೀಲ, ಅದರ ಮೇಲೆ ಅವಳದೇ ಕೈಬರಹ: 'ನಾನು ಹಿಂದಿದ್ದೇನೆ, ಚೆನ್ನಾಗಿ ಕೇಳಿಸಿಕೋ.' ಒಳಗೆ ಆರು ಚೂರು. ಆರು ವರ್ಷದಲ್ಲಿ ಒಮ್ಮೆಯೂ ಎಸೆಯಲು ಮನಸ್ಸು ಬಂದಿರಲಿಲ್ಲ. ಮಂಚದ ಮೇಲೆ ಕೂತು ಚೂರುಗಳನ್ನು ಕರವಸ್ತ್ರಕ್ಕೆ ಸುರಿದು ಗಂಟು ಕಟ್ಟಿದ.

ಲೊರೆಂಟ್ಸನ್ ಗಂಟು ಬಿಚ್ಚಿದ. ದಪ್ಪನೆಯ ಕರಿ ಅರಗು, ಒಂದು ಚೂರಿನ ಮೇಲೆ ಹಾಂಬುರ್ಗಿನ ಕಂಪನಿಯ ಕೆಂಪು ಮುದ್ರೆ. ಇಪ್ಪತ್ತು ವರ್ಷ ರೆಕಾರ್ಡು ಕೊಂಡವನಿಗೆ ಇದು ಹೊಸದಲ್ಲವೆಂದು ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುತ್ತಿತ್ತು.

"ಪ್ಲಾಸ್ಟಿಕ್ ರೆಕಾರ್ಡು ಹೀಗೆ ಗಾಜಿನ ಥರ ಒಡೆಯುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದ.

"ನಂಗೂ."

ಲೊರೆಂಟ್ಸನ್ 'ಒಡೆದದ್ದು, ಒಂದು' ಎಂದು ಬರೆದು ರುಜು ಹಾಕಿದ. ಆಮೇಲೂ ತಲೆ ಎತ್ತಲಿಲ್ಲ. "ಚೂರುಗಳನ್ನೂ ತಗೊಂಡೋಗ್ಬೇಕು ಆಸ್ಮುಸ್."

ಆಸ್ಮುಸ್‌ಗೆ ಇದು ಹೊಳೆದಿರಲಿಲ್ಲ. ತೋರಿಸಿ ವಾಪಸ್ಸು ಒಯ್ಯುವುದೆಂದೇ ಅಂದುಕೊಂಡಿದ್ದ. ಅವಳ ಕೈ ಮುಟ್ಟಿದ್ದು ಇವನ್ನು, ಮೇಲಿರುವುದನ್ನಲ್ಲ. ಚೂರುಗಳನ್ನು ಒಂದೊಂದಾಗಿ ಕರವಸ್ತ್ರದೊಳಗೆ ಸರಿಸಿ ಮತ್ತೆ ಗಂಟು ಕಟ್ಟಿದ.

"ತಗೊಳ್ಳಿ," ಎಂದ ಕೊನೆಗೆ. "ಅವ್ರದೇ ಮಾಲು. ಅವ್ರಿಗೇ ಕೊಡಿ."

ಬಾಗಿಲಲ್ಲಿ ಲೊರೆಂಟ್ಸನ್ ಪೆಟ್ಟಿಗೆ ಹೊತ್ತುಕೊಂಡೇ ನಿಂತ. "ಶನಿವಾರ ಬರ್ಲಾ?"

"ಅಂಗಡಿ ತೆಗ್ದಿರುತ್ತೆ."

ಕಾಫಿ ಹಾಗೇ ಆರಿಹೋಗಿತ್ತು. ಆಸ್ಮುಸ್ ಬಾಗಿಲು ಹಾಕಿ ಮೇಲೆ ಬಂದು, ಖಾಲಿ ಚೀಲವನ್ನು ಮಡಿಚಿಡಲು ಎತ್ತಿದ. ಮೂಲೆಯಿಂದ ಉಗುರಿನಷ್ಟು ಗಾತ್ರದ ಒಂದು ಚೂರು ಅಂಗೈಗೆ ಬಿತ್ತು. ಬಂದರಿನ ಕಡೆಯ ಕಿಟಕಿ ಮುಚ್ಚಿ, ದನಿ ತಗ್ಗಿಸಿ, ಹೊಸ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಹಾಡು ಶುರುವಾಯಿತು. ಕೊನೆಯ ಚರಣ ಹತ್ತಿರ ಬಂದಾಗ ಚೂರು ಹಿಡಿದ ಮುಷ್ಟಿ ಬಿಗಿಯಾಗಿತ್ತು. ವಾದ್ಯಗಳೆಲ್ಲ ನಿಂತವು, ಅವನೂ ಉಸಿರು ಹಿಡಿದುಕೊಂಡ.